ಚೀನೀ ಊಟ, ಸಕ್ಕರೆ ಕಾಯಿಲೆ ಮತ್ತು ಬೇರೆ ಬಟ್ಟಲಲ್ಲಿ ಬರುವ ಅನ್ನ

ಸಕ್ಕರೆ ಕಾಯಿಲೆ ಇರುವವರ ಸಂಖ್ಯೆಯಲ್ಲಿ ಇಡೀ ಜಗತ್ತಿಗೆ ಮೊದಲ ಸ್ಥಾನ ಚೀನಾದ್ದು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2021ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಅಲ್ಲಿ ಸುಮಾರು 14 ಕೋಟಿ ವಯಸ್ಕರಿಗೆ ಶುಗರ್ ಇದೆ. ಎರಡನೆಯ ಸ್ಥಾನ ನಮ್ಮದೇ, ಆ ಮಾತು ಇನ್ನೊಂದು ದಿನಕ್ಕಿರಲಿ. 1980ರ ಸುಮಾರಿಗೆ ಚೀನಾದಲ್ಲಿ ದೊಡ್ಡ ಸಮೀಕ್ಷೆ ಮಾಡಿದಾಗ ನೂರರಲ್ಲಿ ಒಬ್ಬರಿಗೂ ಈ ಕಾಯಿಲೆ ಇರಲಿಲ್ಲ. ಆಗೇನು ಅವರು ಅನ್ನ ತಿನ್ನುತ್ತಿರಲಿಲ್ವಾ? ತಿನ್ನುತ್ತಿದ್ದರು, ಇವತ್ತಿಗಿಂತ ಜಾಸ್ತಿಯೇ ತಿನ್ನುತ್ತಿದ್ದರು. ಆದರೆ ಗದ್ದೆಯಲ್ಲೋ ಕಾರ್ಖಾನೆಯಲ್ಲೋ ದಿನವಿಡೀ ದುಡಿದು ಸೈಕಲ್ ತುಳಿದುಕೊಂಡು ಮನೆಗೆ ಬರುತ್ತಿದ್ದರು. ಎಣ್ಣೆ, ಮಾಂಸ, ಸಿಹಿ ಪಾನೀಯ ಕಡಿಮೆ ಇತ್ತು. ಆಯಸ್ಸೂ ಕಡಿಮೆ ಇತ್ತು.

ಹಾಗಾಗಿ ‘ಶುಗರ್ ಬಂದಮೇಲೆ ಚೀನೀ ಊಟ ಬಂದ್’ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಊಟದ ಹಳೆಯ ಜೋಡಣೆಯನ್ನು ಸ್ವಲ್ಪ ಗಮನಿಸಿ ನೋಡಿದರೆ, ಸಕ್ಕರೆಯನ್ನು ಹತೋಟಿಯಲ್ಲಿಡಲು ಅದು ನಮ್ಮ ಊಟಕ್ಕಿಂತ ಸುಲಭ ಅನ್ನಿಸುತ್ತದೆ. ತೊಂದರೆ ಕೊಡುವ ತಿನಿಸುಗಳೂ ಇವೆ. ಅವು ಯಾವುವು ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಮೊದಲು ಒಂದೆರಡು ಮೂಲ ವಿಷಯ. ಅಕ್ಕಿ, ಗೋಧಿ, ಗೆಡ್ಡೆ ಇವುಗಳಲ್ಲಿರುವ ಪಿಷ್ಟ ಹೊಟ್ಟೆಗೆ ಹೋದಮೇಲೆ ಒಡೆದು ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ನಾಲಿಗೆಗೆ ಸಿಹಿ ಅನ್ನಿಸಬೇಕು ಅಂತೇನಿಲ್ಲ. ಊಟದ ನಂತರ ಸಕ್ಕರೆ ಎಷ್ಟು ಏರುತ್ತದೆ ಅನ್ನುವುದು ಮುಖ್ಯವಾಗಿ ಎರಡು ಸಂಗತಿಗಳ ಮೇಲೆ ನಿಂತಿದೆ: ಒಟ್ಟು ಎಷ್ಟು ಕಾರ್ಬೋಹೈಡ್ರೇಟ್ ತಿಂದಿರಿ, ಅದು ಎಷ್ಟು ಬೇಗ ಕರಗಿತು. ಈ ವೇಗವನ್ನು ಅಳೆಯುವುದಕ್ಕೆ ಗ್ಲೈಸೆಮಿಕ್ ಇಂಡೆಕ್ಸ್ ಅನ್ನುವ ಲೆಕ್ಕ ಇದೆ. ಶುದ್ಧ ಗ್ಲೂಕೋಸ್‌ಗೆ 100 ಅಂಕ, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಅಂಕ ಕೊಡುತ್ತಾರೆ. ಬಿಳಿ ಅನ್ನಕ್ಕೆ ತಳಿಯ ಮೇಲೆ 60ರಿಂದ 90ರವರೆಗೂ ಬರುತ್ತದೆ.

ಈಗ ಒಂದು ಊಟದ ಮೇಜನ್ನೇ ನೋಡೋಣ. ದಕ್ಷಿಣ ಚೀನಾದ ಗ್ವಾಂಗ್‌ಝೌ ಕಡೆಯ ಒಂದು ಮನೆ, ರಾತ್ರಿ ಊಟದ ಹೊತ್ತು. ಮೊದಲು ಎಲ್ಲರಿಗೂ ಒಂದೊಂದು ಬಟ್ಟಲು ತೆಳುವಾದ ಸೂಪು. ಬೂದುಗುಂಬಳವೋ ಮೂಳೆಯೋ ಹಾಕಿ ಗಂಟೆಗಟ್ಟಲೆ ಕುದಿಸಿದ್ದು. ಮೇಜಿನ ನಡುವೆ ಹಬೆಯಲ್ಲಿ ಬೇಯಿಸಿದ ಇಡೀ ಮೀನು. ಅದರ ಮೇಲೆ ಎಳೆಎಳೆಯಾಗಿ ಹೆಚ್ಚಿದ ಶುಂಠಿ, ಈರುಳ್ಳಿ ಸೊಪ್ಪು. ಕೊನೆಯಲ್ಲಿ ಕಾದ ಎಣ್ಣೆ ಸುರಿದಾಗ ಚುರ್ ಎಂದು ಸದ್ದಾಗುತ್ತದೆ, ಆಮೇಲೆ ಸ್ವಲ್ಪ ಸೋಯಾ ಸಾಸ್. ಪಕ್ಕದಲ್ಲಿ ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು. ಇನ್ನೊಂದು ತಟ್ಟೆಯಲ್ಲಿ ತೋಫು, ಅಂದರೆ ಸೋಯಾ ಹಾಲಿನ ಪನೀರು. ಇವೆಲ್ಲ ಎಲ್ಲರಿಗೂ ಸೇರಿದ್ದು. ಅನ್ನ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಬಟ್ಟಲಲ್ಲಿ ಬೇರೆ.

ಚೀನೀಯರ ಲೆಕ್ಕದಲ್ಲಿ ಊಟಕ್ಕೆ ಎರಡೇ ಭಾಗ. ಒಂದು ‘ಫ್ಯಾನ್’, ಅಂದರೆ ಅನ್ನ ಅಥವಾ ಬೇರೆ ಧಾನ್ಯದ ತಿನಿಸು. ಇನ್ನೊಂದು ‘ತ್ಸಾಯ್’, ಅಂದರೆ ಅದರ ಜೊತೆಗಿನ ತರಕಾರಿ, ಮೀನು, ಮಾಂಸ, ತೋಫು ಎಲ್ಲ. ಆ ಮೇಜಿನ ಮೇಲಿದ್ದ ಸೂಪು, ಮೀನು, ಸೊಪ್ಪು, ತೋಫು ಸೇರಿದರೂ ಸಕ್ಕರೆ ಏರಿಸುವ ಪಿಷ್ಟ ಹೆಚ್ಚೇನೂ ಇಲ್ಲ. ಬಹುಪಾಲು ಎಲ್ಲವೂ ಆ ಒಂದು ಅನ್ನದ ಬಟ್ಟಲಲ್ಲಿದೆ. ಅದು ಕಣ್ಣಿಗೆ ಕಾಣುತ್ತದೆ, ಅಳೆಯಬಹುದು. ನಮ್ಮಲ್ಲಿ ಸಾರು ಕಲೆಸಿದ ಅನ್ನ, ಬಿಸಿಬೇಳೆಬಾತು, ಚಿತ್ರಾನ್ನ ಅಂತ ಶುರುವಾದರೆ ಎಷ್ಟು ಅನ್ನ ಹೊಟ್ಟೆಗೆ ಹೋಯಿತು ಅಂತ ತಿಂದವರಿಗೇ ಗೊತ್ತಾಗಲ್ಲ, ಅಲ್ವಾ?

ಬೆಂದ ಬಿಳಿ ಅನ್ನದ 100 ಗ್ರಾಂನಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಮನೆಯ ಚಿಕ್ಕ ಬಟ್ಟಲಿಗೆ 150 ಗ್ರಾಂ ಅನ್ನ ಹಿಡಿದರೆ 42 ಗ್ರಾಂ ಆಯಿತು. ಹೋಟೆಲಿನ ಬಟ್ಟಲಿನಲ್ಲಿ ಒತ್ತಿ ತುಂಬಿದ 200 ಗ್ರಾಂ ಆದರೆ 56. ನಿಮ್ಮ ಡಾಕ್ಟರ್ ಅಥವಾ ಆಹಾರ ತಜ್ಞರು ಊಟಕ್ಕೆ ಇಷ್ಟು ಗ್ರಾಂ ಅಂತ ಹೇಳಿದ್ದರೆ, ಬಟ್ಟಲನ್ನು ಒಮ್ಮೆ ತೂಗಿ ನೋಡಿಬಿಡಿ. ಆಮೇಲೆ ದಿನಾ ತೂಗಬೇಕಿಲ್ಲ.

ಮೊದಲು ತಟ್ಟೆ, ಆಮೇಲೆ ಬಟ್ಟಲು

ಏನು ತಿಂದಿರಿ ಅನ್ನುವಷ್ಟೇ ಯಾವುದನ್ನು ಮೊದಲು ತಿಂದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸಿಂಗಪುರದಲ್ಲಿ ಚೀನೀ ಮೂಲದ ಆರೋಗ್ಯವಂತ ವಯಸ್ಕರಿಗೆ ತರಕಾರಿ, ಮಾಂಸ, ಅನ್ನ ಇವನ್ನು ಬೇರೆ ಬೇರೆ ಕ್ರಮದಲ್ಲಿ ಕೊಟ್ಟು ಪರೀಕ್ಷೆ ಮಾಡಿದರು. 2020ರಲ್ಲಿ ಬಂದ ಆ ಅಧ್ಯಯನದಲ್ಲಿ, ಮೊದಲು ತರಕಾರಿ, ಆಮೇಲೆ ಮಾಂಸ, ಕೊನೆಗೆ ಅನ್ನ ತಿಂದಾಗ ಸಕ್ಕರೆಯ ಏರಿಕೆ ಸ್ಪಷ್ಟವಾಗಿ ಕಡಿಮೆ ಇತ್ತು. ಊಟ ಅದೇ, ಪ್ರಮಾಣ ಅದೇ. ತರಕಾರಿಯ ನಾರು, ಮಾಂಸದ ಪ್ರೋಟೀನು ಮತ್ತು ಕೊಬ್ಬು ಮೊದಲೇ ಒಳಗೆ ಹೋಗಿ ಕೂತರೆ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಕರುಳಿನಲ್ಲಿ ಜಿಎಲ್‌ಪಿ-1 ಅನ್ನುವ ಹಾರ್ಮೋನೂ ಮೊದಲೇ ಹೊರಬರುತ್ತದೆ, ಅದು ಸಕ್ಕರೆ ಇಳಿಸುವ ಇನ್ಸುಲಿನ್ ಬಿಡುಗಡೆಗೆ ನೆರವಾಗುತ್ತದೆ.

ಸಿಂಗಪುರದ್ದೇ ಇನ್ನೊಂದು ಅಧ್ಯಯನ 2014ರದು. ಬರೀ ಬಿಳಿ ಅನ್ನ ತಿಂದಾಗ ಗ್ಲೈಸೆಮಿಕ್ ಇಂಡೆಕ್ಸ್ 96 ಬಂದಿತ್ತು. ಅದೇ ಅನ್ನವನ್ನು ಕೋಳಿಮಾಂಸ, ಕಡಲೆಕಾಯಿ ಎಣ್ಣೆ, ಸೊಪ್ಪು ಮೂರರ ಜೊತೆ ತಿಂದಾಗ 50ಕ್ಕೆ ಇಳಿಯಿತು. ಅಂದರೆ ಪಟ್ಟಿಯಲ್ಲಿ ಬರೆದಿರುವ ಅಂಕ ಬರೀ ಅನ್ನದ್ದು. ಬರೀ ಅನ್ನ ತಿನ್ನುವವರು ಎಲ್ಲಿದ್ದಾರೆ?

ಚೀನಾದ ರಾಷ್ಟ್ರೀಯ ಆರೋಗ್ಯ ಆಯೋಗ 2023ರಲ್ಲಿ ಹೊರತಂದ ಮಧುಮೇಹಿಗಳ ಆಹಾರ ಮಾರ್ಗಸೂಚಿಯಲ್ಲೂ ಇದೇ ಕ್ರಮ ಬಂದಿದೆ: ತರಕಾರಿ, ಮಾಂಸ, ಕೊನೆಗೆ ಧಾನ್ಯ. ಸ್ವಾರಸ್ಯ ಏನೆಂದರೆ ಚೀನಾದ ಔತಣಗಳಲ್ಲಿ ಇದು ಮೊದಲಿನಿಂದಲೂ ಇರುವ ಪದ್ಧತಿ. ಮೊದಲು ತಣ್ಣನೆಯ ಚಿಕ್ಕ ತಟ್ಟೆಗಳು, ಆಮೇಲೆ ಬಿಸಿ ಪದಾರ್ಥ, ಮೀನು. ಅನ್ನವೋ ನೂಡಲ್ಸೋ ಬರುವುದು ಕೊನೆಯಲ್ಲಿ, ಅದೂ ಹೊಟ್ಟೆ ತುಂಬಿದ ಮೇಲೆ.

ಆದರೆ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಇದೇ ಔತಣ ಅಪಾಯವಾಗಬಹುದು. ಊಟ ಶುರುವಾಗುತ್ತೆ ಅಂತ ಎಂದಿನ ಡೋಸ್ ತೆಗೆದುಕೊಂಡಿರುತ್ತಾರೆ. ಧಾನ್ಯ ಬರುವುದು ಒಂದು ಗಂಟೆಯ ಮೇಲೆ. ಈ ನಡುವೆ ‘ಗಾನ್‌ಬೇಯ್’ (ಲೋಟ ಖಾಲಿ ಮಾಡಿ) ಎನ್ನುತ್ತಾ ಬೈಜಿಯು ಎಂಬ ಕಡಕ್ ಮದ್ಯದ ಲೋಟಗಳು ಖಾಲಿಯಾಗುತ್ತಿರುತ್ತವೆ. ಖಾಲಿ ಹೊಟ್ಟೆಯ ಮದ್ಯ ಲಿವರ್‌ನಿಂದ ಗ್ಲೂಕೋಸ್ ಹೊರಬರುವುದನ್ನು ತಡೆಯುತ್ತದೆ, ಇನ್ಸುಲಿನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಸಕ್ಕರೆ ಕುಸಿದು ಬೆವರು, ನಡುಕ ಶುರುವಾದರೆ ಪಕ್ಕದವರು ಕುಡಿದದ್ದು ಜಾಸ್ತಿಯಾಯಿತು ಅಂದುಕೊಳ್ಳುತ್ತಾರೆ. ಮೈಯಲ್ಲಿ ಇನ್ಸುಲಿನ್ ಹೆಚ್ಚಿಸುವ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಅಂಥ ಕಡೆ ಔಷಧದ ಸಮಯವನ್ನು ಹೇಗೆ ಹೊಂದಿಸಬೇಕು ಅಂತ ಮೊದಲೇ ಡಾಕ್ಟರನ್ನು ಕೇಳಿಕೊಂಡಿರಬೇಕು. ಮನೆಯಲ್ಲೂ ಅಷ್ಟೆ. ಈ ಔಷಧ ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಅನ್ನ ಪೂರ್ತಿ ಬಿಡುವ ಸಾಹಸ ಬೇಡ.

ಗಂಜಿ ಅನ್ನುವ ಒಳ್ಳೆಯ ಹೆಸರಿನ ತಿನಿಸು

ಚೀನಾದಲ್ಲಿ ಮೈ ಹುಷಾರಿಲ್ಲ ಅಂದರೆ ಗಂಜಿ. ವಯಸ್ಸಾದವರಿಗೆ ಗಂಜಿ. ಬೆಳಗಿನ ತಿಂಡಿಗೂ ಗಂಜಿ. ಗ್ವಾಂಗ್‌ಝೌ ಕಡೆಯ ಕ್ಯಾಂಟನೀಸ್ ಮಂದಿ ಅದನ್ನು ‘ಜುಕ್’ ಅನ್ನುತ್ತಾರೆ, ಉತ್ತರದವರು ‘ಝೌ’. ‘ಹೊಟ್ಟೆಗೆ ಹಗುರ’ ಅನ್ನುವ ಹೆಸರು ಗಟ್ಟಿಯಾಗಿದೆ. ಶುಗರ್ ಇರುವವರಿಗೆ ಅದೇ ಹಗುರತನ ತೊಂದರೆ.

ಮಾಡುವ ವಿಧಾನ ನೋಡಿ. ಒಂದು ಅಳತೆ ಅಕ್ಕಿಗೆ ಹತ್ತು ಅಳತೆ ನೀರು, ಕೆಲವರು ಇನ್ನೂ ಜಾಸ್ತಿ. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಅಕ್ಕಿ ಕಾಳು ಅರಳಿ, ಒಡೆದು, ಕೊನೆಗೆ ನೀರು ಯಾವುದು ಅಕ್ಕಿ ಯಾವುದು ಅಂತ ಬೇರೆ ಮಾಡಲಾಗದ ಹಾಗೆ ರೇಷ್ಮೆಯಂತೆ ನುಣುಪಾಗಬೇಕು. ಕ್ಯಾಂಟನೀಸ್ ಅಡುಗೆಯವರು ಇದನ್ನೇ ಒಳ್ಳೆಯ ಗಂಜಿಯ ಲಕ್ಷಣ ಅನ್ನುತ್ತಾರೆ. ಕರುಳು ಮಾಡಬೇಕಾದ ಕೆಲಸದ ದೊಡ್ಡ ಭಾಗವನ್ನು ಒಲೆಯೇ ಮುಗಿಸಿಬಿಟ್ಟಿರುತ್ತದೆ. ಪಿಷ್ಟ ಪೂರ್ತಿ ನೀರು ಹೀರಿ ಬಿಚ್ಚಿಕೊಂಡಿದೆ, ಅಗಿಯುವ ಕೆಲಸವೂ ಇಲ್ಲ.

ಪ್ರಮಾಣದ ಲೆಕ್ಕದಲ್ಲಿ ಗಂಜಿ ಪಾಪದ್ದೇ. 100 ಗ್ರಾಂಗೆ ಬರೀ 10 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್, ಉಳಿದದ್ದೆಲ್ಲ ನೀರು. ದೊಡ್ಡ ಬಟ್ಟಲಿಗೂ 30 ಗ್ರಾಂ ದಾಟಲ್ಲ. ಆದರೆ ಒಂದು ಬಟ್ಟಲಿಗೆ ಹೊಟ್ಟೆ ತುಂಬಲ್ಲ. ಎರಡನೆಯದು ಬರುತ್ತದೆ. ಜೊತೆಗೆ ಮೈದಾ ಹಿಟ್ಟನ್ನು ಉದ್ದಕ್ಕೆ ಎಳೆದು ಕರಿದ ಯೂಟಿಯಾವ್, ಇಲ್ಲವೇ ಹಬೆಯಲ್ಲಿ ಬೇಯಿಸಿದ ಬಿಳಿ ಬನ್ ಮಾಂಟೌ. ನಂಜಿಕೊಳ್ಳಲು ಉಪ್ಪಿನಲ್ಲಿ ಹಾಕಿದ ತರಕಾರಿ. ಪಿಷ್ಟದ ಮೇಲೆ ಪಿಷ್ಟ, ಅದರ ಮೇಲೆ ಉಪ್ಪು. ಬೆಳಗಿನ ಹೊತ್ತು ಬಹಳಷ್ಟು ಮಧುಮೇಹಿಗಳಿಗೆ ಇನ್ಸುಲಿನ್ ಸರಿಯಾಗಿ ನಾಟುವುದೂ ಇಲ್ಲ. ಇಡೀ ದಿನದಲ್ಲಿ ಕೆಟ್ಟ ಸಮಯಕ್ಕೆ ಕೆಟ್ಟ ಜೋಡಿ ಇದು.

ಹಾಗಂತ ಗಂಜಿ ಬಿಡಬೇಕಿಲ್ಲ. ಅಕ್ಕಿಯ ಅರ್ಧ ತೆಗೆದು ಆ ಜಾಗಕ್ಕೆ ಇಡೀ ಓಟ್ಸ್, ಬಾರ್ಲಿ, ಹೆಸರುಕಾಳು ಅಥವಾ ಅಲ್ಲಿಯ ಚಿಕ್ಕ ಕೆಂಪು ಕಾಳು ಹಾಕುವುದು ಒಂದು ದಾರಿ. ಕಾಳು ಕಾಳಾಗಿ ಉಳಿಯುವಾಗಲೇ ಒಲೆ ಆರಿಸಬೇಕು. ಮೀನಿನ ಹೋಳು, ಮೊಟ್ಟೆ, ಕೊಬ್ಬು ಕಡಿಮೆಯ ಹಂದಿಮಾಂಸ ಹಾಕಿ ಮಾಡುವ ಗಂಜಿಗಳು ಗ್ವಾಂಗ್‌ಝೌ ಇರುವ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಹೇಗೂ ಇವೆ, ಬರೀ ಬಿಳಿ ಗಂಜಿಗಿಂತ ಅವು ಎಷ್ಟೋ ವಾಸಿ. ಯೂಟಿಯಾವ್ ಜಾಗದಲ್ಲಿ ಬೇಯಿಸಿದ ಮೊಟ್ಟೆ, ಸಕ್ಕರೆ ಹಾಕದ ಸೋಯಾ ಹಾಲು.

ಉತ್ತರದ ಮನೆಗಳ ಹಳದಿ ಗಂಜಿ ನಮಗೆ ಪರಿಚಯದ್ದು. ಅದರ ಧಾನ್ಯ ನಮ್ಮ ನವಣೆಯೇ. ನವಣೆಯನ್ನು ಮೊದಲು ಬೆಳೆಗೆ ಪಳಗಿಸಿದ್ದು ಉತ್ತರ ಚೀನಾದಲ್ಲಿ, ಸಾವಿರಾರು ವರ್ಷದ ಹಿಂದೆ. ಸಿರಿಧಾನ್ಯ ಅಂದಮೇಲೆ ಸಕ್ಕರೆ ಏರಲ್ಲ ಎಂಬ ನಂಬಿಕೆ ಈಗ ನಮ್ಮಲ್ಲಿ ಜೋರಾಗಿದೆ. ನುಣ್ಣಗೆ ಕುದಿಸಿ ಎರಡು ಬಟ್ಟಲು ಕುಡಿದರೆ ನವಣೆಯೂ ಏರಿಸುತ್ತದೆ, ಅಕ್ಕಿಗಿಂತ ಸ್ವಲ್ಪ ಕಡಿಮೆ ಅಷ್ಟೆ.

ಉತ್ತರದ ಹಿಟ್ಟು

ಚಿನ್‌ಲಿಂಗ್ ಬೆಟ್ಟ ಮತ್ತು ಹುವಾಯ್ ನದಿಯ ಗೆರೆಯಿಂದ ಮೇಲಕ್ಕೆ ಹೋದರೆ ಅನ್ನದ ಜಾಗಕ್ಕೆ ಗೋಧಿ ಬರುತ್ತದೆ. ಮಾಂಟೌ ಮೆತ್ತಗೆ ಬೆಳ್ಳಗೆ ಕಾಣುತ್ತದೆ, ಆದರೆ ಗ್ಲೈಸೆಮಿಕ್ ಇಂಡೆಕ್ಸ್ 80ರ ಮೇಲೆ. 100 ಗ್ರಾಂನ ಒಂದರಲ್ಲಿ 45 ಗ್ರಾಂ ದಾಟಿ ಕಾರ್ಬೋಹೈಡ್ರೇಟ್. ನೂಡಲ್ಸ್ ಬಟ್ಟಲಿನ ತೊಂದರೆ ಬೇರೆ: ಅಲ್ಲಿ ‘ಫ್ಯಾನ್’ ಮತ್ತು ‘ತ್ಸಾಯ್’ ಒಂದೇ ಪಾತ್ರೆಯಲ್ಲಿ ಸೇರಿಹೋಗಿರುತ್ತವೆ. ನಾಲ್ಕು ತೆಳು ಚೂರು ಮಾಂಸ, ಒಂದು ಚಿಟಿಕೆ ಕೊತ್ತಂಬರಿ, ಉಳಿದದ್ದೆಲ್ಲ ನೂಡಲ್ಸ್. ಬೆಂದ ನೂಡಲ್ಸ್ 300 ಗ್ರಾಂ ಇದ್ದರೆ 75 ಗ್ರಾಂ ಕಾರ್ಬೋಹೈಡ್ರೇಟ್ ಆಯಿತು. ಅರ್ಧ ನೂಡಲ್ಸ್ ತೆಗೆಸಿ ಸೊಪ್ಪು, ಮೊಟ್ಟೆ, ಮಾಂಸ ಜಾಸ್ತಿ ಕೇಳಬಹುದು.

ಜಿಯಾವ್‌ಝಿ ಕಡುಬುಗಳು ಅಷ್ಟೇನೂ ಕೆಟ್ಟವಲ್ಲ. ಒಂದರ ಹೊದಿಕೆಯಲ್ಲಿ 5-6 ಗ್ರಾಂ, ಒಳಗೆ ಮಾಂಸ ಮತ್ತು ಎಲೆಕೋಸು. ಎಂಟಕ್ಕೆ ನಿಲ್ಲಿಸಿದರೆ ಒಂದು ಚಿಕ್ಕ ಬಟ್ಟಲು ಅನ್ನದ ಲೆಕ್ಕ. ಅದನ್ನು ಅದ್ದಿ ತಿನ್ನುವ ಕಪ್ಪು ವಿನಿಗರ್‌ನ ಹುಳಿ ಪಿಷ್ಟ ಕರಗುವುದನ್ನು ಸ್ವಲ್ಪ ತಡಮಾಡುತ್ತದೆ. ಸ್ವಲ್ಪ ಮಾತ್ರ. ವಿನಿಗರ್ ಇದೆ ಅಂತ ಇಪ್ಪತ್ತು ಕಡುಬು ತಿಂದರೆ ಅದೂ ಕೈಬಿಡುತ್ತದೆ.

ಶಾನ್ಸಿ ಮತ್ತು ಒಳ ಮಂಗೋಲಿಯಾ ಕಡೆ ಓಟ್ಸ್ ಹಿಟ್ಟಿನ ಒಂದು ತಿನಿಸಿದೆ. ಹಿಟ್ಟನ್ನು ಕಲ್ಲಿನ ಮೇಲೆ ತೆಳ್ಳಗೆ ಉಜ್ಜಿ ಬೆರಳಿಗೆ ಸುತ್ತಿ ಕೊಳವೆ ಮಾಡಿ, ಹಬೆಯ ಬುಟ್ಟಿಯಲ್ಲಿ ಜೇನುಗೂಡಿನ ಹಾಗೆ ಒತ್ತೊತ್ತಾಗಿ ನಿಲ್ಲಿಸಿ ಬೇಯಿಸುತ್ತಾರೆ. ಬಡವರ ಊಟ ಅಂತ ಕರೆಸಿಕೊಂಡ ಈ ತಿನಿಸು, ನಾರಿನ ದೆಸೆಯಿಂದ ಬಿಳಿ ಮಾಂಟೌಗಿಂತ ಎಷ್ಟೋ ನಿಧಾನವಾಗಿ ಕರಗುತ್ತದೆ. ಹೆಸರುಕಾಳಿನ ಪಿಷ್ಟದಿಂದ ಮಾಡುವ, ಗಾಜಿನಂತೆ ಕಾಣುವ ಶ್ಯಾವಿಗೆಯ ಗ್ಲೈಸೆಮಿಕ್ ಇಂಡೆಕ್ಸ್ 40ಕ್ಕೂ ಕಡಿಮೆ. ಆದರೆ ಅದೇ ರೂಪದಲ್ಲಿ ಆಲೂಗಡ್ಡೆ, ಗೆಣಸಿನ ಪಿಷ್ಟದ್ದೂ ಮಾರುತ್ತಾರೆ. ಪೊಟ್ಟಣ ಓದಿ ಕೊಳ್ಳಬೇಕು.

ತರಕಾರಿ ವೇಷದಲ್ಲಿ ಬರುವ ಪಿಷ್ಟ

ಚೀನಾದ ಮನೆಗಳಲ್ಲಿ ಆಲೂಗಡ್ಡೆಯನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿ, ವಿನಿಗರ್ ಮತ್ತು ಒಣಮೆಣಸಿನಕಾಯಿ ಹಾಕಿ ಜೋರು ಉರಿಯಲ್ಲಿ ಹುರಿಯುತ್ತಾರೆ. ಗರಿಗರಿಯಾಗಿ ಬಹಳ ರುಚಿ. ಅದನ್ನು ಪಲ್ಯದ ಹಾಗೆ ಅನ್ನಕ್ಕೆ ಜೊತೆ ಮಾಡಿಕೊಳ್ಳುತ್ತಾರೆ. ಅಲ್ಲಿಯ ಸರ್ಕಾರವೇ 2015ರಲ್ಲಿ ಆಲೂಗಡ್ಡೆಯನ್ನು ಅಕ್ಕಿ ಗೋಧಿಯ ಸಾಲಿಗೆ ಸೇರಿಸುವ ಯೋಜನೆ ಶುರು ಮಾಡಿತು, ಮೇಜಿನ ಮೇಲೆ ಮಾತ್ರ ಅದಿನ್ನೂ ತರಕಾರಿ! ತಾವರೆ ಗೆಡ್ಡೆ, ಕೆಸುವಿನ ಗೆಡ್ಡೆ, ಚೀನೀ ಯಾಮ್ ಇವೂ ಇದೇ ಗುಂಪು. ತಿನ್ನಿ, ಆದರೆ ಅಷ್ಟು ಅನ್ನ ಕಡಿಮೆ ಮಾಡಿ.

ಇನ್ನೊಂದು ಗಮನಿಸಬೇಕಾದದ್ದು ಸಾಸ್. ಹೊಳಪು ಬರಲೆಂದು ಕೊನೆಯಲ್ಲಿ ಹಾಕುವ ಕಾರ್ನ್‌ಫ್ಲೋರ್ ನೀರು ಒಂದೆರಡು ಚಮಚದ್ದು, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಹಿಟ್ಟಿನಲ್ಲಿ ಅದ್ದಿ ಕರಿದು, ಸಕ್ಕರೆ ಪಾಕದಂಥ ಸಾಸ್‌ನಲ್ಲಿ ಹೊರಳಿಸುವ ಸಿಹಿಹುಳಿ ಹಂದಿಮಾಂಸದಂಥವಕ್ಕೆ. ಶಾಂಘೈ, ವೂಶಿ ಕಡೆಯ ಅಡುಗೆಯಲ್ಲಿ ಕಲ್ಲುಸಕ್ಕರೆ ಧಾರಾಳ. ಸಿಚುವಾನ್, ಹುನಾನ್‌ನ ಖಾರದ ಅಡುಗೆಯಲ್ಲಿ ಸಕ್ಕರೆ ಕಡಿಮೆ, ಎಣ್ಣೆ ಜಾಸ್ತಿ. ನಮ್ಮ ಬೀದಿಯ ಗೋಬಿ ಮಂಚೂರಿಗೂ ಚೀನಾಕ್ಕೂ ಸಂಬಂಧ ಹೆಸರಿನದು ಮಾತ್ರ. ಮೈದಾ, ಕಾರ್ನ್‌ಫ್ಲೋರ್, ಕರಿದ ಎಣ್ಣೆ, ಸಿಹಿ ಸಾಸ್ ಎಲ್ಲ ಒಟ್ಟಿಗೆ ಇರುವ ಅದನ್ನು ತಿಂದು ಚೀನೀ ಊಟಕ್ಕೆ ಬೈಯುವುದು ನ್ಯಾಯವಲ್ಲ.

ಹಬ್ಬದ ಅಂಟು ಅಕ್ಕಿ

ಹಬ್ಬ ಬಂತೆಂದರೆ ಅಂಟು ಅಕ್ಕಿ. ಹೊಸ ವರ್ಷಕ್ಕೆ ನಿಯನ್‌ಗಾವ್ ಎಂಬ ಅಕ್ಕಿ ಕೇಕ್, ಅದಾದ ಹುಣ್ಣಿಮೆಗೆ ಟಾಂಗ್‌ಯುವಾನ್ ಉಂಡೆ, ಐದನೇ ತಿಂಗಳ ಐದನೇ ದಿನಕ್ಕೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಝೋಂಗ್‌ಝಿ. ಮಾಮೂಲಿ ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಅನ್ನುವ ನೇರ ಸರಪಳಿಯ ಭಾಗ ಇರುತ್ತದೆ, ಅದು ಬೇಗ ಕರಗಲ್ಲ. ಅಂಟು ಅಕ್ಕಿಯಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಾಯಿಗೆ ಅಂಟುವ ಹಿತ, ರಕ್ತಕ್ಕೆ ನುಗ್ಗುವ ವೇಗ ಎರಡಕ್ಕೂ ಕಾರಣ ಒಂದೇ. ಒಂದು ಝೋಂಗ್‌ಝಿಯಲ್ಲಿ ಸಲೀಸಾಗಿ 50 ಗ್ರಾಂ ಕಾರ್ಬೋಹೈಡ್ರೇಟ್ ಇರಬಹುದು. ಅದನ್ನು ಊಟದ ಮೇಲೆ ತಿನ್ನುವ ಬದಲು, ಅರ್ಧ ತುಂಡನ್ನು ಊಟದ ಅನ್ನದ ಬದಲಿಗೇ ತಿನ್ನುವುದು ಜಾಣತನ.

ಎಂಟನೇ ತಿಂಗಳ ಹುಣ್ಣಿಮೆಯ ಮೂನ್‌ಕೇಕ್ ನೋಡಲು ಅಂಗೈ ಅಗಲ. ತಾವರೆ ಬೀಜದ ಸಿಹಿ ಹೂರಣ, ಉಪ್ಪು ಹಾಕಿದ ಎರಡು ಬಾತುಕೋಳಿ ಮೊಟ್ಟೆಯ ಹಳದಿ. 180 ಗ್ರಾಂನ ಒಂದರಲ್ಲಿ 700ರಿಂದ 900 ಕ್ಯಾಲೊರಿ, ಕಾರ್ಬೋಹೈಡ್ರೇಟ್ ಎರಡು ಬಟ್ಟಲು ಅನ್ನದಷ್ಟು. ಅದೃಷ್ಟಕ್ಕೆ ಇಡೀ ಕೇಕ್ ಒಬ್ಬರೇ ತಿನ್ನುವ ಪದ್ಧತಿ ಇಲ್ಲ. ಎಂಟು ಹೋಳು ಮಾಡಿ ಮನೆಮಂದಿಯೆಲ್ಲ ಸಕ್ಕರೆ ಹಾಕದ ಚಹಾ ಜೊತೆ ಹಂಚಿಕೊಳ್ಳುತ್ತಾರೆ. ಒಂದು ಹೋಳಿಗೆ 10 ಗ್ರಾಂ ಆಸುಪಾಸು, ಅದನ್ನು ನಿಭಾಯಿಸಬಹುದು. ‘ಸಕ್ಕರೆರಹಿತ’ ಮೂನ್‌ಕೇಕ್ ಅಂತ ಮಾರುವುದರಲ್ಲೂ ಹಿಟ್ಟು, ಬೀಜದ ಪಿಷ್ಟ, ಎಣ್ಣೆ ಹಾಗೇ ಇರುತ್ತವೆ.

ದಾಚಿಂಗ್‌ನಲ್ಲಿ ಆದದ್ದು

ಈ ಹತೋಟಿಯಿಂದ ನಿಜಕ್ಕೂ ಪ್ರಯೋಜನ ಇದೆಯಾ ಅನ್ನುವವರಿಗೆ ಚೀನಾದ್ದೇ ಉತ್ತರ ಇದೆ. ಈಶಾನ್ಯ ಚೀನಾದ ತೈಲ ನಗರ ದಾಚಿಂಗ್. 1986ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ಕಾಯಿಲೆಯ ಅಂಚಿನಲ್ಲಿದ್ದ 577 ಜನರನ್ನು ಆರಿಸಿದರು. ಕೆಲವರಿಗೆ ಊಟದ ಬದಲಾವಣೆ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ, ಒಂದು ಗುಂಪಿಗೆ ವಿಶೇಷ ಏನೂ ಇಲ್ಲ. ಆರು ವರ್ಷ ಕಳೆಯುವಷ್ಟರಲ್ಲಿ ಕೊನೆಯ ಗುಂಪಿನಲ್ಲಿ ನೂರಕ್ಕೆ ಸುಮಾರು 68 ಜನರಿಗೆ ಶುಗರ್ ಬಂದಿತ್ತು. ಊಟ ಬದಲಿಸಿದ ಗುಂಪಿನಲ್ಲಿ ಸುಮಾರು 44 ಜನರಿಗೆ. ಮೂವತ್ತು ವರ್ಷದ ನಂತರ ಮತ್ತೆ ನೋಡಿದಾಗ, ಬದಲಾವಣೆ ಮಾಡಿಕೊಂಡ ಗುಂಪುಗಳಲ್ಲಿ ಕಾಯಿಲೆ ಸರಾಸರಿ ನಾಲ್ಕು ವರ್ಷದಷ್ಟು ಮುಂದೆ ಹೋಗಿತ್ತು. ಹೃದಯದ ಕಾಯಿಲೆಯಿಂದ ಸತ್ತವರೂ ಕಡಿಮೆ.

ನನಗೆ ಇದರಲ್ಲಿ ಹಿಡಿಸಿದ್ದು ಊಟದ ವಿವರ. ಅನ್ನ, ಮಾಂಟೌ ಬಿಡಿ ಅಂತ ಯಾರಿಗೂ ಹೇಳಲಿಲ್ಲ. ಮೈತೂಕ ಸರಿಯಿದ್ದವರಿಗೆ ಒಟ್ಟು ಕ್ಯಾಲೊರಿಯಲ್ಲಿ ನೂರಕ್ಕೆ 55ರಿಂದ 65 ಭಾಗ ಕಾರ್ಬೋಹೈಡ್ರೇಟ್‌ನಿಂದಲೇ ಬರಲಿ ಅಂದಿದ್ದರು. ತರಕಾರಿ ಹೆಚ್ಚಿಸಿ, ಸಕ್ಕರೆ ಮತ್ತು ಮದ್ಯ ಇಳಿಸಿ, ತೂಕ ಜಾಸ್ತಿ ಇದ್ದವರು ಇಳಿಸಿಕೊಳ್ಳಿ. ಇಷ್ಟೇ. 2023ರ ಮಾರ್ಗಸೂಚಿ ಈಗ 45ರಿಂದ 60 ಭಾಗ ಅನ್ನುತ್ತದೆ.

ಇದೆಲ್ಲ ನಿಮ್ಮ ಮೈಗೆ ಹೇಗೆ ಹೊಂದುತ್ತದೆ ಅಂತ ತಿಳಿಯಲು ಗ್ಲುಕೋಮೀಟರ್ ಸಾಕು. ಒಂದು ದಿನ ಅನ್ನ ಮತ್ತು ಪದಾರ್ಥ ಕಲೆಸಿಕೊಂಡು ತಿನ್ನಿ. ಇನ್ನೊಂದು ದಿನ ಅದೇ ಊಟ, ಅದೇ ಪ್ರಮಾಣ, ಅನ್ನ ಕೊನೆಗೆ. ಎರಡೂ ಸಲ ಮೊದಲ ತುತ್ತಿನಿಂದ ಎರಡು ಗಂಟೆಗೆ ನೋಡಿ. ಸಾಮಾನ್ಯವಾಗಿ ಡಾಕ್ಟರ್‌ಗಳು 180 ದಾಟದಿರಲಿ ಅನ್ನುತ್ತಾರೆ. ಚೀನಾ, ಸಿಂಗಪುರದ ಕಡೆ ಮೀಟರಿನಲ್ಲಿ 10 ಅಂತ ಬಂದರೆ ಗಾಬರಿ ಬೇಡ. ಅಲ್ಲಿಯ ಅಳತೆ ಬೇರೆ, 18ರಿಂದ ಗುಣಿಸಿದರೆ ನಮ್ಮ ಲೆಕ್ಕದ 180. ಸಿಂಗಪುರದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು. ಕಾಫಿ ಅಂಗಡಿಯಲ್ಲಿ ‘ಸಿಯೂ ದಾಯ್’ ಅಂದರೆ ಸಕ್ಕರೆ ಕಡಿಮೆ ಮಾತ್ರ. ಸಕ್ಕರೆ ಬೇಡವೇ ಬೇಡ ಅಂದರೆ ‘ಕೊಸೊಂಗ್’ ಅನ್ನಬೇಕು.

ಕೊನೆಯದಾಗಿ ಔಷಧದ ಒಂದು ವಿಷಯ. ಚೀನಾದಲ್ಲಿ ಅಕಾರ್ಬೋಸ್ ಮಾತ್ರೆ ತುಂಬ ಬಳಕೆಯಲ್ಲಿದೆ, ನಮ್ಮಲ್ಲಿ ಅದೇ ಜಾತಿಯ ವೊಗ್ಲಿಬೋಸ್. ಅಕ್ಕಿ ಗೋಧಿ ಜಾಸ್ತಿ ತಿನ್ನುವ ನಾಡುಗಳಿಗೆ ಹೇಳಿ ಮಾಡಿಸಿದ ಔಷಧ ಇದು. ಕರುಳಿನಲ್ಲಿ ಪಿಷ್ಟ ಒಡೆಯುವುದನ್ನೇ ನಿಧಾನ ಮಾಡುತ್ತದೆ. ಊಟದ ಮೊದಲ ತುತ್ತಿನ ಹೊತ್ತಿಗೆ ತೆಗೆದುಕೊಂಡರೆ ಮಾತ್ರ ಕೆಲಸ. ಅನ್ನ ಕೊನೆಗೆ ತಿನ್ನುವವರು ಮಾತ್ರೆ ಯಾವಾಗ ಅಂತ ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಇದರ ಜೊತೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಕೂಡ ಇದ್ದು ಸಕ್ಕರೆ ಕುಸಿದರೆ, ಮನೆಯ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಬೇಗ ಕೆಲಸ ಮಾಡಲ್ಲ. ಅದು ಒಡೆಯುವುದನ್ನೂ ಇದೇ ಮಾತ್ರೆ ತಡೆಯುತ್ತದೆ. ಗ್ಲೂಕೋಸ್ ಪುಡಿಯೇ ಬೇಕು, ಜೇಬಿನಲ್ಲೋ ಬ್ಯಾಗಿನಲ್ಲೋ ಒಂದು ಪೊಟ್ಟಣ ಇಟ್ಟುಕೊಂಡಿರಿ.